ಬೂಟ್‌ಸ್ಟ್ರ್ಯಾಪ್ 100 ಬಂದಿದೆ, ಇನ್ನೇನು ಅನುಮಾನ?

ಪ್ರಶ್ನೆ: ಡಿಎನ್‌ಎ ಹೋಲಿಸಿ ನಾನು ಕಟ್ಟಿದ ಜೀವಿಗಳ ವಂಶವೃಕ್ಷದ ಒಂದು ಕವಲಿಗೆ ಬೂಟ್‌ಸ್ಟ್ರ್ಯಾಪ್ 100 ಬಂದಿದೆ. ಅಂದರೆ ಆ ಕವಲು ನೂರಕ್ಕೆ ನೂರು ನಿಜ ತಾನೆ?

ಅಲ್ಲ. ಎಷ್ಟು ಸಲ ಹೇಳಿದರೂ, ಪ್ರಾಜೆಕ್ಟ್ ಒಪ್ಪಿಸುವ ಹೊತ್ತಿಗೆ ಈ ಪ್ರಶ್ನೆ ಮತ್ತೆ ಹಾಜರು. ಈ ಸಲ ಬಿಡಿಸಿಯೇ ಹೇಳಿಬಿಡುತ್ತೇನೆ.

ಬೂಟ್‌ಸ್ಟ್ರ್ಯಾಪ್ ಎಂದರೆ ಇರುವ ಡೇಟಾದಿಂದಲೇ ಮತ್ತೆ ಮತ್ತೆ ಎತ್ತಿ, ಉತ್ತರ ಬದಲಾಗುತ್ತದೆಯೇ ಎಂದು ನೋಡುವ ಉಪಾಯ. ಜೀವವಿಜ್ಞಾನಿ ಜೋಸೆಫ್ ಫೆಲ್ಸೆನ್‌ಸ್ಟೈನ್ ಇದನ್ನು ವಂಶವೃಕ್ಷಗಳಿಗೆ ಅನ್ವಯಿಸಿದ್ದು 1985ರಲ್ಲಿ. ನಿಮ್ಮ ಅಲೈನ್‌ಮೆಂಟಿನಲ್ಲಿ (ಜೀವಿಗಳ ಡಿಎನ್‌ಎ ಅಕ್ಷರಗಳನ್ನು ಜಾಗಕ್ಕೆ ಜಾಗ ಹೊಂದಿಸಿ ಸಾಲಾಗಿ ಇಟ್ಟ ಪಟ್ಟಿಯಲ್ಲಿ) 1000 ಕಾಲಂ ಇದ್ದರೆ, ಕಂಪ್ಯೂಟರ್ ಅವುಗಳಿಂದಲೇ ಕಣ್ಣುಮುಚ್ಚಿ 1000 ಸಲ ಎತ್ತುತ್ತದೆ. ಎತ್ತಿದ್ದನ್ನು ಮತ್ತೆ ಅಲ್ಲೇ ಹಾಕುವುದರಿಂದ ಕೆಲವು ಕಾಲಂ ಎರಡು ಮೂರು ಸಲ ಬರುತ್ತವೆ, ಸುಮಾರು 370 ಬರುವುದೇ ಇಲ್ಲ. ಅದರಿಂದ ಒಂದು ಮರ. ಇಂಥ ಸಾವಿರ ಮರ ಕಟ್ಟಿ, ನಿಮ್ಮ ಕವಲು ಎಷ್ಟರಲ್ಲಿ ಕಾಣಿಸಿತೆಂದು ಎಣಿಸುತ್ತದೆ, ಅಷ್ಟೆ. ಹೊಸ ಮಾಹಿತಿ ಒಂದಕ್ಷರವೂ ಒಳಗೆ ಬಂದಿಲ್ಲ. ಒಬ್ಬನೇ ಸಾಕ್ಷಿಯನ್ನು ಸಾವಿರ ಸಲ ಕರೆಸಿ ಕೇಳಿದ ಹಾಗೆ: ಅವನು ಮಾತು ಬದಲಿಸಲಿಲ್ಲ, ಸರಿ. ಹೇಳಿದ್ದು ನಿಜವೇ?

ವಿಧಾನವೇ ಒಂದು ಕಡೆಗೆ ವಾಲಿದ್ದರೆ ತಪ್ಪು ಕವಲಿಗೂ ಆರಾಮವಾಗಿ 100 ಬರುತ್ತದೆ. ಡಿಎನ್‌ಎಗೆ ಇರುವುದೇ ನಾಲ್ಕಕ್ಷರ. ವೇಗವಾಗಿ ಬದಲಾದ ಎರಡು ವಂಶಗಳಲ್ಲಿ ಒಂದೇ ಜಾಗಕ್ಕೆ ಒಂದೇ ಅಕ್ಷರ ಬರೀ ಆಕಸ್ಮಿಕವಾಗಿ ಬಂದು ಕೂರುತ್ತದೆ. ಅತಿ ಕಡಿಮೆ ಬದಲಾವಣೆ ಸಾಕಾಗುವ ಮರವನ್ನೇ ಆರಿಸುವ ಪಾರ್ಸಿಮನಿ ವಿಧಾನ ಅದನ್ನೇ ನೆಂಟಸ್ತಿಕೆಯೆಂದು ನಂಬಿ, ಹೀಗೆ ಬಹಳ ಬದಲಾದ ಉದ್ದ ಕವಲುಗಳನ್ನು ಗಂಟು ಹಾಕುತ್ತದೆ. 1978ರಲ್ಲೇ ಇದನ್ನು ತೋರಿಸಿಕೊಟ್ಟವರೂ ಅದೇ ಫೆಲ್ಸೆನ್‌ಸ್ಟೈನ್! ಇನ್ನಷ್ಟು ಡೇಟಾ ಸುರಿದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಇಂಥದ್ದೇ ಎಡವಟ್ಟಿಗೆ ಉದಾಹರಣೆ: ಮೈಕ್ರೋಸ್ಪೊರಿಡಿಯಾ ಎಂಬ ಪರಾವಲಂಬಿಗಳನ್ನು ರೈಬೋಸೋಮ್ ಆರ್‌ಎನ್‌ಎ ಮರಗಳು ಯೂಕ್ಯಾರಿಯೋಟುಗಳ (ಕೋಶದಲ್ಲಿ ಕೋಶಕೇಂದ್ರವಿರುವ ಜೀವಿಗಳ) ಮರದ ಬುಡಕ್ಕೆ ತಳ್ಳಿದ್ದವು. ಬೇರೆ ಜೀನುಗಳನ್ನು, ಅಕ್ಷರಗಳು ಬದಲಾಗುವ ಬಗೆಯನ್ನು ಲೆಕ್ಕ ಹಾಕುವ ಉತ್ತಮ ಗಣಿತ ಮಾದರಿಗಳನ್ನು ಬಳಸಿದ ಮೇಲೆ ಅವು ಶಿಲೀಂಧ್ರಗಳ ಬಳಗಕ್ಕೆ ಬಂದವು.

ಹಾಗಾಗಿ 100 ಕಂಡರೆ ಮಾದರಿ ಬದಲಿಸಿ ನೋಡಿ, ಉದ್ದ ಕವಲನ್ನು ಕಿತ್ತು ಮತ್ತೆ ಓಡಿಸಿ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಒಂದು ಜೀನಿನಿಂದ ಕಟ್ಟಿದ ಮರ ಸರಿಯಿದ್ದರೂ ಅದೇ ಪ್ರಭೇದಗಳ ಮರವಾಗಬೇಕೆಂದಿಲ್ಲ. ನಮಗೆ ಗೊರಿಲ್ಲಾಗಿಂತ ಚಿಂಪಾಂಜಿ ಹತ್ತಿರ. ಆದರೂ 2012ರಲ್ಲಿ ಗೊರಿಲ್ಲಾ ಜೀನೋಮ್ ಪ್ರಕಟವಾದಾಗ, ಅದರ ಸುಮಾರು ಶೇ 30 ಭಾಗ ಬೇರೆಯೇ ಕತೆ ಹೇಳಿತು: ಅಲ್ಲಿ ಗೊರಿಲ್ಲಾ ಮನುಷ್ಯನಿಗೋ ಚಿಂಪಾಂಜಿಗೋ ಹೆಚ್ಚು ಹತ್ತಿರ. ಪೂರ್ವಜರಲ್ಲಿದ್ದ ಜೀನ್ ರೂಪಗಳು ಕವಲೊಡೆಯುವಾಗ ಅಡ್ಡಾದಿಡ್ಡಿಯಾಗಿ ಹಂಚಿಹೋದದ್ದರ ಫಲ ಇದು. ಅಂಥ ಒಂದೇ ಜೀನು ಹಿಡಿದರೆ ಮನುಷ್ಯ-ಗೊರಿಲ್ಲಾ ಕವಲು ಒಳ್ಳೆಯ ಬೂಟ್‌ಸ್ಟ್ರ್ಯಾಪ್ ಸಮೇತ ಬರಬಹುದು, ಆ ಜೀನಿನ ಮಟ್ಟಿಗೆ ಅದು ತಪ್ಪೂ ಅಲ್ಲ. ಆಸ್ಟ್ರಲ್‌ನಂಥ ಪ್ರೋಗ್ರಾಂಗಳು ನೂರಾರು ಜೀನ್ ಮರಗಳನ್ನು ಬೇರೆಬೇರೆಯಾಗಿ ಓದಿ, ನಾಲ್ಕು ನಾಲ್ಕು ಪ್ರಭೇದಗಳ ಜೋಡಣೆ ಎಣಿಸಿ, ಪ್ರಭೇದಗಳ ಮರ ಹುಡುಕುವುದು ಇದಕ್ಕೇ.