ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ: ಕಡೂರು, ಬೈಂದೂರು ಎಲ್ಲಿ ಹೋದವು?

ಮೊನ್ನೆ ಮಾಕ್ ಟೆಸ್ಟ್‌ನಲ್ಲಿ ಒಂದು ಪ್ರಶ್ನೆ ಬಂತು. ಶೃಂಗೇರಿ, ಕಾಪು, ಕಡೂರು, ತರೀಕೆರೆ. ಇವುಗಳಲ್ಲಿ ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರದ್ದು ಯಾವುದು? ನಾಲ್ಕೂ ಆ ಎರಡು ಜಿಲ್ಲೆಗಳಲ್ಲೇ ಇವೆ, ಪ್ರಶ್ನೆಯೇ ತಪ್ಪು ಅಂದುಕೊಂಡು ಬಿಟ್ಟುಬಂದೆ. ಉತ್ತರ ಕಡೂರು. ಅದು ಚಿಕ್ಕಮಗಳೂರು ಜಿಲ್ಲೆಯದೇ, ಆದರೆ ಲೋಕಸಭೆಗೆ ಹಾಸನದ ಜೊತೆ. ಹಾಗೆಯೇ ಉಡುಪಿ ಜಿಲ್ಲೆಯ ಬೈಂದೂರು ಶಿವಮೊಗ್ಗದ ಜೊತೆ. ಅಂದರೆ ಕೊಲ್ಲೂರಿನ ಮತದಾರರು ಮತ್ತು ಶಿಕಾರಿಪುರದ ಮತದಾರರು ಸೇರಿ ಒಬ್ಬ ಸಂಸದರನ್ನು ಆರಿಸುತ್ತಾರೆ. ನಡುವೆ ಇಡೀ ಪಶ್ಚಿಮ ಘಟ್ಟ!

ಪಟ್ಟಿ ಬಾಯಿಪಾಠ ಮಾಡಿದರೆ ಎರಡು ದಿನ ನಿಲ್ಲುತ್ತದೆ, ಆಮೇಲೆ ಮರೆಯುತ್ತದೆ. ಕಾರಣ ಹುಡುಕಿದಾಗ ಸಿಕ್ಕಿದ್ದು ಬರೀ ಭಾಗಾಕಾರ.

ಲೆಕ್ಕ

ಮೊದಲು ಎರಡು ನಿಯಮ. ಒಂದು ವಿಧಾನಸಭಾ ಕ್ಷೇತ್ರ ಪೂರ್ತಿಯಾಗಿ ಒಂದೇ ಲೋಕಸಭಾ ಕ್ಷೇತ್ರದೊಳಗೆ ಇರಬೇಕು, ಅದನ್ನು ಸೀಳುವ ಹಾಗಿಲ್ಲ. ಇನ್ನೊಂದು, ವಿಧಾನಸಭಾ ಕ್ಷೇತ್ರ ಜಿಲ್ಲೆಯ ಗಡಿ ದಾಟಬಾರದು. ಲೋಕಸಭಾ ಕ್ಷೇತ್ರ ಮಾತ್ರ ದಾಟಬಹುದು. ನಾನು ಎಡವಿದ್ದು ಇಲ್ಲೇ.

ಕರ್ನಾಟಕಕ್ಕೆ ಲೋಕಸಭಾ ಸ್ಥಾನ 28, ವಿಧಾನಸಭಾ ಸ್ಥಾನ 224. ಭಾಗಿಸಿದರೆ 8. ಪ್ರತಿ ಲೋಕಸಭಾ ಕ್ಷೇತ್ರಕ್ಕೂ ಎಂಟೆಂಟು.

2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ ಸುಮಾರು 5.29 ಕೋಟಿ. ಅದನ್ನು 224ರಿಂದ ಭಾಗಿಸಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ ಜನ. ಈಗ ಜಿಲ್ಲೆಗಳಿಗೆ ಹಾಕೋಣ:

ಉಡುಪಿ: 11.12 ಲಕ್ಷ ÷ 2.36 = 4.71, ಅಂದರೆ 5.
ಚಿಕ್ಕಮಗಳೂರು: 11.41 ÷ 2.36 = 4.83, ಅಂದರೆ 5.
ಹಾಸನ: 17.22 ÷ 2.36 = 7.30, ಅಂದರೆ 7.
ಶಿವಮೊಗ್ಗ: 16.43 ÷ 2.36 = 6.96, ಅಂದರೆ 7.

ಉಡುಪಿ, ಚಿಕ್ಕಮಗಳೂರು ಸೇರಿದರೆ 10. ಬೇಕಿರುವುದು 8. ಎರಡು ಜಾಸ್ತಿ. ಹಾಸನಕ್ಕೆ ಒಂದು ಕಡಿಮೆ, ಶಿವಮೊಗ್ಗಕ್ಕೆ ಒಂದು ಕಡಿಮೆ. ಕಡೂರು ಹಾಸನದ ಅರಸೀಕೆರೆಗೆ ತಾಗಿಕೊಂಡಿದೆ, ಅಲ್ಲಿಗೆ ಹೋಯಿತು. ಬೈಂದೂರು ಸಾಗರದ ಕಡೆ ಹೋಯಿತು. ಇದು ಹೊಳೆದಾಗ ನಾನು ಒಬ್ಬನೇ ಕೂತು ನಕ್ಕೆ. ಬರೀ ಸಂಖ್ಯೆ ನೋಡಿ ಗೆರೆ ಎಳೆಯುವುದಿಲ್ಲ, ಭೂಗೋಳ, ಓಡಾಟದ ಅನುಕೂಲ ಎಲ್ಲವನ್ನೂ ನೋಡಬೇಕು ಎಂದು ಪುನರ್ವಿಂಗಡಣೆ ಕಾಯ್ದೆ, ಅಂದರೆ ಕ್ಷೇತ್ರಗಳ ಗಡಿ ಮತ್ತೆ ಎಳೆಯುವ ಕಾಯ್ದೆ, ಹೇಳುತ್ತದೆ. ಆದರೂ ನೆನಪಿಗೆ ಈ ಲೆಕ್ಕ ಸಾಕು.

ಉಳಿದ ಎಂಟು: ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲು. ಹಳೆಯ ಬ್ರಹ್ಮಾವರ ಮತ್ತು ಬೀರೂರು ವಿಧಾನಸಭಾ ಕ್ಷೇತ್ರಗಳು 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯಲ್ಲೇ ಇಲ್ಲವಾದವು.

1971 ಯಾಕೆ, 2001 ಯಾಕೆ?

ನನ್ನ ಎರಡನೇ ಗೊಂದಲ ಇದು. ಒಂದು ಪುಸ್ತಕದಲ್ಲಿ "1971ರ ಜನಗಣತಿ ಆಧಾರ" ಅಂತ ಇರುತ್ತದೆ, ಇನ್ನೊಂದರಲ್ಲಿ "2001ರ ಆಧಾರ". ಎರಡೂ ಸರಿ.

ಜಮೀನಿನ ಹಾಗೆ ಯೋಚಿಸಿ. ರಾಜ್ಯದ ಪಾಲಿಗೆ ಒಟ್ಟು ಎಷ್ಟು ಎಕರೆ ಎನ್ನುವ ಪಹಣಿ 1971ರದ್ದು. 1976ರ 42ನೇ ತಿದ್ದುಪಡಿ ಅದಕ್ಕೆ ಬೀಗ ಹಾಕಿತು. 2001ರ 84ನೇ ತಿದ್ದುಪಡಿ ಆ ಬೀಗವನ್ನು 2026ರ ನಂತರದ ಮೊದಲ ಜನಗಣತಿವರೆಗೆ ಮುಂದುವರಿಸಿತು. ಆದರೆ ಹೊಲದ ಒಳಗಿನ ಬದು ಬದಲಿಸಬಹುದು ಎಂದಿತು. ಆ ಬದುವಿಗೆ ಮೊದಲು ಹೇಳಿದ್ದು 1991ರ ಜನಗಣತಿ, 2003ರ 87ನೇ ತಿದ್ದುಪಡಿ ಅದನ್ನು 2001ಕ್ಕೆ ಬದಲಿಸಿತು. ಹಾಗಾಗಿ 28 ಮತ್ತು 224 ಹಾಗೇ ಉಳಿದವು, ಒಳಗಿನ ಗೆರೆಗಳು ಮಾತ್ರ ಸರಿದವು. ಗೆರೆ ಎಳೆದದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ, ಜಾರಿಗೆ ಬಂದದ್ದು 2008ರಲ್ಲಿ. ಆ ಗೆರೆಗಳ ಮೇಲೆ ನಡೆದ ಮೊದಲ ವಿಧಾನಸಭಾ ಚುನಾವಣೆ ನಮ್ಮ ಕರ್ನಾಟಕದ್ದೇ, ಅದೇ ವರ್ಷದ ಮೇ ತಿಂಗಳಲ್ಲಿ.

ಗೆರೆ ಸರಿದರೆ ಕಳೆದುಕೊಳ್ಳುವುದು ಹಳ್ಳಿ. ನಗರ ಬೆಳೆದಷ್ಟೂ ಸೀಟು ಅತ್ತ ಹೋಗುತ್ತದೆ. ಬ್ರಹ್ಮಾವರ, ಬೀರೂರು ಹೋದ ಹೊತ್ತಿಗೇ ಬೆಂಗಳೂರು ನಗರ ಜಿಲ್ಲೆಯ ಸಂಖ್ಯೆ ಏರಿ 28 ಆಯಿತು. ಅನ್ಯಾಯ ಅಂತ ಪೂರ್ತಿ ಹೇಳಲಾರೆ, ತಲೆಗೊಂದು ಓಟು ಅಲ್ವಾ. ಆದರೆ ಶೃಂಗೇರಿಯ ಶಾಸಕರು ಸುತ್ತಬೇಕಾದ ಕಾಡುದಾರಿಗೆ ಈ ಭಾಗಾಕಾರದಲ್ಲಿ ಜಾಗವಿಲ್ಲ.

ಗೆದ್ದವರು, ಬೇಗ ಬೇಗ

1978ರ ಇಂದಿರಾ ಗಾಂಧಿ ಉಪಚುನಾವಣೆಯನ್ನು ಇಂದಿನ ಕ್ಷೇತ್ರಕ್ಕೆ ಬೆರೆಸಬೇಡಿ. ಅದು ಹಳೆಯ ಚಿಕ್ಕಮಗಳೂರು ಕ್ಷೇತ್ರ, ಆಗ ಉಡುಪಿ ಬೇರೆಯೇ ಲೋಕಸಭಾ ಕ್ಷೇತ್ರ. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು, ಎದುರಿಗಿದ್ದವರು ವೀರೇಂದ್ರ ಪಾಟೀಲರು, ಗೆಲುವು ನವೆಂಬರ್‌ನಲ್ಲಿ. ಡಿಸೆಂಬರ್‌ನಲ್ಲೇ ಲೋಕಸಭೆ ಇಂದಿರಾ ಅವರನ್ನು ಹಕ್ಕುಚ್ಯುತಿಗಾಗಿ ಹೊರಹಾಕಿತು. 1980ರಲ್ಲಿ ಅವರು ನಿಂತದ್ದು ರಾಯ್‌ಬರೇಲಿ ಮತ್ತು ಮೇದಕ್‌ನಲ್ಲಿ. ಚಿಕ್ಕಮಗಳೂರಿಗೆ ಉಳಿದದ್ದು ಆ ಉಪಚುನಾವಣೆಯ ಘೋಷಣೆ ಮಾತ್ರ.

ಹೊಸ ಕ್ಷೇತ್ರದಲ್ಲಿ 2009ರಲ್ಲಿ ಗೆದ್ದವರು ಡಿ.ವಿ. ಸದಾನಂದಗೌಡ. 2011ರಲ್ಲಿ ಮುಖ್ಯಮಂತ್ರಿಯಾದ ಮೇಲೆ ರಾಜೀನಾಮೆ ಕೊಟ್ಟರು, 2012ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಕೆ. ಜಯಪ್ರಕಾಶ್ ಹೆಗ್ಡೆ ಗೆದ್ದರು. 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ. ಉಪಚುನಾವಣೆ ಬಿಟ್ಟರೆ ಉಳಿದೆಲ್ಲವೂ ಬಿಜೆಪಿ.

ಸಂಸದರ ಹತ್ತಿರ ಏನು ಕೇಳಬೇಕು

ಕಾಫಿ ಮಂಡಳಿ, ಅಡಿಕೆ ಆಮದು ಸುಂಕ, ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಮೇಲಿನ ಅಧಿಸೂಚನೆ: ಮೂರೂ ಕೇಂದ್ರದ್ದು. ಚರಂಡಿ ಹೂಳು ಪಂಚಾಯಿತಿಯದ್ದು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಕೆಲಸ ಸೂಚಿಸುವುದು ಸಂಸದರು, ಮಾಡಿಸುವುದು ಜಿಲ್ಲಾಡಳಿತ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ ಅರವತ್ತೆರಡೂವರೆ ಲಕ್ಷ, ಅಷ್ಟೇ.

ಮತ್ತೆ ಲೆಕ್ಕಕ್ಕೆ ಬರುತ್ತೇನೆ, ಬಿಡಲು ಮನಸ್ಸಿಲ್ಲ. ದಕ್ಷಿಣ ಕನ್ನಡ 18.98 ಲಕ್ಷ, ಭಾಗಿಸಿದರೆ 8.04. ಅದಕ್ಕೇ ಆ ಜಿಲ್ಲೆಯೇ ಒಂದು ಲೋಕಸಭಾ ಕ್ಷೇತ್ರ, ಯಾರಿಗೂ ಕೊಡುವುದಿಲ್ಲ, ಯಾರಿಂದಲೂ ತೆಗೆದುಕೊಳ್ಳುವುದಿಲ್ಲ. ಕೊಡಗಿನದು ನೀವೇ ಹಾಕಿ ನೋಡಿ. 2001ರಲ್ಲಿ 5.49 ಲಕ್ಷ. ಎಂಟು ಆಗಲು ಮೈಸೂರಿನಿಂದ ಎಷ್ಟು ತರಬೇಕು?