ಆವರಣದೊಳಗಿನ ‘ಜಾತ್ಯತೀತ’: ಜೆಡಿಎಸ್ ಇವತ್ತು ಯಾವುದರ ಪಕ್ಷ?

ಓದುಗರ ಪ್ರಶ್ನೆ: ಬಿಜೆಪಿ ಜೊತೆ ಹೋದ ಮೇಲೂ ಜೆಡಿಎಸ್, ಅಂದರೆ ಜನತಾದಳ (ಜಾತ್ಯತೀತ), ಹೆಸರಿನಲ್ಲಿ ‘ಜಾತ್ಯತೀತ’ ಹೇಗೆ ಉಳಿಯಿತು? ಚುನಾವಣಾ ಆಯೋಗ ಅದನ್ನು ತೆಗೆಸಬೇಕಲ್ಲವೇ? ಅಷ್ಟಕ್ಕೂ ಆ ಪಕ್ಷ ಈಗ ಯಾವುದರ ಪರ?

ಉತ್ತರ: 2023ರ ಸೆಪ್ಟೆಂಬರ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ದೆಹಲಿಗೆ ಹೋಗಿ ಬಿಜೆಪಿ ನೇತೃತ್ವದ ಎನ್‌ಡಿಎ ಸೇರಿದ ದಿನದಿಂದ ಈ ಪ್ರಶ್ನೆ ಒಂದಿಲ್ಲೊಂದು ರೂಪದಲ್ಲಿ ಬರುತ್ತಲೇ ಇದೆ. ಪ್ರತಿ ಸಲ ಎರಡು ಸಾಲಿನಲ್ಲಿ ಉತ್ತರಿಸಿ ಸಾಕಾಗಿದೆ. ಈ ಬಾರಿ ಸ್ವಲ್ಪ ಉದ್ದವಾಗಿಯೇ ಹೇಳಿಬಿಡುವುದು ಒಳ್ಳೆಯದು.

ಪ್ರಶ್ನೆಯಲ್ಲಿ ನಿಜವಾಗಿ ಮೂರು ಪ್ರಶ್ನೆಗಳಿವೆ. ಮೂರನೆಯದಕ್ಕೆ ಮಾತ್ರ ಯೋಚಿಸಿ ಉತ್ತರ ಹೇಳಬೇಕು. ಮೊದಲೆರಡು ಒಂದೇ ಮೂಢನಂಬಿಕೆಯ ಎರಡು ಮುಖ: ಪಕ್ಷದ ಹೆಸರಿನ ಆವರಣದೊಳಗೆ ಏನಿದೆಯೋ ಅದೇ ಆ ಪಕ್ಷದ ಪ್ರತಿಜ್ಞೆ, ಅದನ್ನು ಮುರಿದರೆ ಹೆಸರು ಹೋಗಬೇಕು ಎಂಬುದು.

ಆವರಣ ಪ್ರತಿಜ್ಞೆಯಲ್ಲ ಸ್ವಾಮಿ, ಪಾಲುಪಟ್ಟಿ. ಅಣ್ಣತಮ್ಮಂದಿರು ಭಾಗ ಆದಾಗ ಒಂದೇ ಮನೆ ಹೆಸರಿಗೆ ‘ಮೇಲಿನ ಮನೆ’, ‘ಕೆಳಗಿನ ಮನೆ’ ಅಂತ ಸೇರಿಸಿ ಕರೆಯುವುದಿಲ್ಲವೇ, ಅದೇ ಲೆಕ್ಕ. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆಯಿತು. ಒಂದು ಬಣ ಹೆಸರಿನ ಮುಂದೆ ‘ಮಾರ್ಕ್ಸ್‌ವಾದಿ’ ಎಂದು ಬರೆದುಕೊಂಡಿತು. ಹಾಗಾದರೆ ಆವರಣವಿಲ್ಲದ ಸಿಪಿಐ ಅಂದಿನಿಂದ ಮಾರ್ಕ್ಸ್‌ನನ್ನು ಕೈಬಿಟ್ಟಿತೇ? 1969ರಲ್ಲಿ ಕಾಂಗ್ರೆಸ್ ಒಡೆದು ನಿಜಲಿಂಗಪ್ಪನವರಿದ್ದ ಕಡೆಗೆ ‘ಸಂಸ್ಥಾ ಕಾಂಗ್ರೆಸ್’ ಎಂಬ ಹೆಸರು ಬಂತು. 1978ರಲ್ಲಿ ಇಂದಿರಾ ಕಾಂಗ್ರೆಸ್. ಮುಂದಿನ ವರ್ಷ ದೇವರಾಜ ಅರಸು ಹೊರಬಿದ್ದಾಗ ಅರಸು ಕಾಂಗ್ರೆಸ್. ಇಂದಿರಾ, ಅರಸು ಎಂಬುವು ಸಿದ್ಧಾಂತಗಳಲ್ಲ, ಯಾರ ಕಡೆಯವರು ಎಂಬ ಗುರುತು ಅಷ್ಟೆ. ಇನ್ನು ಜನತಾದಳದ ಇನ್ನೊಂದು ಪಾಲು ‘ಸಂಯುಕ್ತ’, ಅಂದರೆ ಜೆಡಿಯು. ಬಿಹಾರದಲ್ಲಿ ಅದು 2013ರಲ್ಲಿ ಎನ್‌ಡಿಎ ಬಿಟ್ಟು, 2017ರಲ್ಲಿ ಸೇರಿ, 2022ರಲ್ಲಿ ಮತ್ತೆ ಬಿಟ್ಟು, 2024ರ ಜನವರಿಯಲ್ಲಿ ಮತ್ತೆ ಸೇರಿತು. ಅಲ್ಲಿ ‘ಸಂಯುಕ್ತ’ ಯಾಕೆ ಉಳಿಯಿತು ಎಂದು ಯಾರೂ ಕೇಳುವುದಿಲ್ಲ. ಸಿಟ್ಟೆಲ್ಲ ‘ಜಾತ್ಯತೀತ’ದ ಮೇಲೆ ಮಾತ್ರ.

ಸಿಟ್ಟಿಗೆ ಕಾರಣವಿಲ್ಲ ಎಂದು ಹೇಳುತ್ತಿಲ್ಲ. 1988ರ ಅಕ್ಟೋಬರ್ 11ರಂದು, ಜಯಪ್ರಕಾಶ ನಾರಾಯಣರ ಜನ್ಮದಿನದಂದು, ಬೆಂಗಳೂರಿನಲ್ಲೇ ಹುಟ್ಟಿದ ಜನತಾದಳ 1999ರಲ್ಲಿ ಒಡೆದದ್ದು ಬಿಜೆಪಿ ಸಖ್ಯದ ಪ್ರಶ್ನೆಯ ಮೇಲೆಯೇ. ಮುಖ್ಯಮಂತ್ರಿ ಜೆ.ಎಚ್. ಪಟೇಲರ ಕಡೆಯವರು ಎನ್‌ಡಿಎಗೆ ಹತ್ತಿರವಾಗಿ ಸಂಯುಕ್ತ ದಳದ ಜೊತೆ ನಿಂತರು. ಒಪ್ಪದ ದೇವೇಗೌಡರ ಕಡೆಯವರು ‘ಜಾತ್ಯತೀತ’ರಾದರು. ಹಳೆಯ ಚಕ್ರದ ಗುರುತನ್ನು ಆಯೋಗ ಯಾರಿಗೂ ಕೊಡದೆ ತಡೆಹಿಡಿಯಿತು. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಸಂಯುಕ್ತಕ್ಕೆ 18, ಜಾತ್ಯತೀತಕ್ಕೆ 10 ಸ್ಥಾನ. ಒಟ್ಟಿಗಿದ್ದಾಗ ಸರ್ಕಾರ ನಡೆಸಿದ ಮನೆ ಅದು. ಹಾಗಾಗಿ ಹೆಸರಿಗೆ ಅರ್ಥವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಅರ್ಥ 1999ರ ಜಗಳದ್ದು. 2006ರ ಫೆಬ್ರುವರಿಯಲ್ಲೇ ಅದಕ್ಕೆ ಮೊದಲ ಪೆಟ್ಟು ಬಿತ್ತು. ಕುಮಾರಸ್ವಾಮಿ ಬಿಜೆಪಿ ಬೆಂಬಲದಿಂದ ಮುಖ್ಯಮಂತ್ರಿಯಾಗಿ 20 ತಿಂಗಳು ಆಳಿದರು, ಯಡಿಯೂರಪ್ಪ ಉಪಮುಖ್ಯಮಂತ್ರಿ. ಆ ಮೈತ್ರಿ ಮುರಿದದ್ದು ಕೂಡ ಅಧಿಕಾರ ಹಸ್ತಾಂತರದ ಮಾತಿಗೆ, ಸಿದ್ಧಾಂತಕ್ಕಲ್ಲ. 2007ರ ನವೆಂಬರ್‌ನಲ್ಲಿ ಯಡಿಯೂರಪ್ಪನವರು ಏಳು ದಿನದ ಮುಖ್ಯಮಂತ್ರಿಯಾದದ್ದು ಹಾಗೆ. ‘2023ರಲ್ಲಿ ಮೊದಲ ಬಾರಿಗೆ ಬಣ್ಣ ಬದಲಾಯಿತು’ ಎಂದು ಬರೆಯುವವರು ಈ 20 ತಿಂಗಳನ್ನು ಎಲ್ಲಿಟ್ಟುಬಿಟ್ಟರೋ.

ಈಗ ಆಯೋಗದ ವಿಷಯ. ಪಕ್ಷಗಳ ನೋಂದಣಿ ನಡೆಯುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ 29ಎ ಕಲಮಿನಡಿ. ಈ ಕಲಮು 1989ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೋಂದಾಯಿಸಿಕೊಳ್ಳುವ ಪ್ರತಿ ಪಕ್ಷವೂ ತನ್ನ ನಿಯಮಾವಳಿಯಲ್ಲಿ ಸಂವಿಧಾನಕ್ಕೆ, ಜೊತೆಗೆ ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆ ಘೋಷಿಸಬೇಕು. ಇದನ್ನು ಎರಡು ಸಲ ಓದಿಕೊಳ್ಳಿ: ಪ್ರತಿ ಪಕ್ಷವೂ. ಬಿಜೆಪಿಯ ನಿಯಮಾವಳಿಯ ಎರಡನೇ ವಿಧಿಯಲ್ಲೂ ಈ ವಾಕ್ಯ ಇದೆ. ಅಂದರೆ ಕಾನೂನಿನ ಕಣ್ಣಲ್ಲಿ ಜಾತ್ಯತೀತವಲ್ಲದ ನೋಂದಾಯಿತ ಪಕ್ಷವೇ ದೇಶದಲ್ಲಿಲ್ಲ. ಒಂದು ನೋಂದಾಯಿತ ಪಕ್ಷ ಇನ್ನೊಂದರ ಜೊತೆ ಸೇರಿದ್ದಕ್ಕೆ ಜಾತ್ಯತೀತತೆ ಹೋಯಿತು ಎಂದು ಆಯೋಗ ತೀರ್ಮಾನಿಸಬೇಕಾದರೆ, ಮೊದಲು ಆ ಇನ್ನೊಂದರ ಪ್ರಮಾಣವೇ ಸುಳ್ಳು ಎಂದು ತೀರ್ಮಾನಿಸಬೇಕಾಗುತ್ತದೆ.

ಅದಕ್ಕೆ ಆಯೋಗಕ್ಕೆ ಅಧಿಕಾರವಿದೆಯೇ? ಇಲ್ಲ. 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ: ಒಮ್ಮೆ ಮಾಡಿದ ನೋಂದಣಿಯನ್ನು ರದ್ದು ಮಾಡಲು ಆಯೋಗಕ್ಕೆ ಬರುವುದಿಲ್ಲ, ಕೆಲವೇ ಸಂದರ್ಭ ಹೊರತು. ಮೋಸದಿಂದ ನೋಂದಣಿ ಪಡೆದಿದ್ದರೆ. ಸರ್ಕಾರ ಆ ಪಕ್ಷವನ್ನು ಕಾನೂನುಬಾಹಿರ ಎಂದು ಸಾರಿದ್ದರೆ. ಇಲ್ಲವೇ ಪಕ್ಷವೇ ನಿಯಮಾವಳಿ ತಿದ್ದಿ ‘ನಮಗಿನ್ನು ಈ ನಿಷ್ಠೆ ಇಲ್ಲ’ ಎಂದು ತಿಳಿಸಿದರೆ. ಯಾವ ಪಕ್ಷ ತಾನಾಗಿ ಆ ಕಾಗದ ಬರೆದೀತು? ಹೆಸರು ಬದಲಾವಣೆ ಕೂಡ ಹೀಗೇ. ಬದಲಾಯಿಸುವುದು ಪಕ್ಷದ ಇಷ್ಟ. ಬದಲಾಯಿಸಿದರೆ ತಡಮಾಡದೆ ಆಯೋಗಕ್ಕೆ ತಿಳಿಸಬೇಕು ಎಂಬುದು ಕಾನೂನು. ಬದಲಾಯಿಸು ಎಂದು ಆಯೋಗ ಕೂತು ಹೇಳುವುದಿಲ್ಲ.

ಇಲ್ಲೇ ಇನ್ನೊಂದು ಗೊಂದಲವನ್ನೂ ಮುಗಿಸಿಬಿಡೋಣ. ‘ಒಕ್ಕಲಿಗರ ಪಕ್ಷ ಜಾತ್ಯತೀತ ಹೇಗೆ’ ಎಂದು ಜಾಣತನದಿಂದ ಕೇಳುವವರಿದ್ದಾರೆ. ಇದು ಕನ್ನಡದ್ದೇ ತೊಡಕು. ಸೆಕ್ಯುಲರ್ ಎಂಬುದಕ್ಕೆ ನಾವು ಬಳಸುತ್ತಾ ಬಂದ ಪದ ‘ಜಾತ್ಯತೀತ’. ಶಾಲೆಯಲ್ಲಿ ಮಕ್ಕಳು ಓದುವ ಸಂವಿಧಾನದ ಪ್ರಸ್ತಾವನೆಯಲ್ಲೂ ಅದೇ ಪದ. ಅಲ್ಲಿರುವ ಮಾತು ಧರ್ಮ ಮತ್ತು ಪ್ರಭುತ್ವದ ಸಂಬಂಧದ್ದು, ಜಾತಿಯದ್ದಲ್ಲ. ‘ಧರ್ಮನಿರಪೇಕ್ಷ’ ಎಂದು ಮೊದಲೇ ಬಳಸಿದ್ದರೆ ಅರ್ಧ ಚರ್ಚೆಯೇ ತಪ್ಪುತ್ತಿತ್ತು. ಜಾತಿಯ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಬೇಕು, ಅದಕ್ಕೂ ಕೆಳಗೆ ಬರುತ್ತೇನೆ.

ಹಾಗಾದರೆ ಪಕ್ಷ ಯಾವುದರ ಪರ ಎಂದು ತಿಳಿಯುವುದು ಹೇಗೆ? ಹೆಸರು ನೋಡಬೇಡಿ, ಪ್ರಣಾಳಿಕೆಯನ್ನೂ ಕೊನೆಗೆ ನೋಡಿ. ಮೊದಲು ಸದನದಲ್ಲಿ ಮಸೂದೆ ಮತಕ್ಕೆ ಬಿದ್ದಾಗ ಅದು ಯಾವ ಕಡೆ ನಿಂತಿತು ನೋಡಿ. ಎರಡನೆಯದು, ಹಣಕಾಸು ಕೈಲಿದ್ದಾಗ ಬಜೆಟ್‌ನಲ್ಲಿ ದುಡ್ಡು ಎಲ್ಲಿಗೆ ಹರಿಸಿತು. ಮೂರನೆಯದು, ಯಾವ ಜಿಲ್ಲೆಗಳಲ್ಲಿ ಗೆಲ್ಲುತ್ತದೆ. ಈ ಮೂರನ್ನು ಜೆಡಿಎಸ್‌ಗೆ ಹಿಡಿದು ನೋಡಿದರೆ ಸಿಗುವ ಚಿತ್ರ ಪರಿಚಿತವೇ, ಆದರೆ ಅಷ್ಟು ನೇರವಾದದ್ದಲ್ಲ.

ಬಜೆಟ್‌ನಿಂದ ಶುರು ಮಾಡಿದರೆ ರೈತ. 2018ರಲ್ಲಿ ಕಾಂಗ್ರೆಸ್ ಜೊತೆಗಿನ ಸರ್ಕಾರದ ಮೊದಲ ಬಜೆಟ್‌ನಲ್ಲಿ ಕುಮಾರಸ್ವಾಮಿ ಪ್ರಕಟಿಸಿದ ಬೆಳೆಸಾಲ ಮನ್ನಾ 34,000 ಕೋಟಿ ರೂಪಾಯಿಯದ್ದು, ಮಿತಿ 2 ಲಕ್ಷ. ಕಾವೇರಿ, ಮೇಕೆದಾಟು, ನೀರಾವರಿ ಎಂದರೆ ದೇವೇಗೌಡರ ದನಿ ಇವತ್ತಿಗೂ ಏರುತ್ತದೆ. ಮೈತ್ರಿ ಬದಲಾದರೂ ಅದೊಂದು ಬದಲಾಗಿಲ್ಲ. 2023ರ ಚುನಾವಣೆಗೆ ಪಕ್ಷ ಮುಂದಿಟ್ಟ ‘ಪಂಚರತ್ನ’ದಲ್ಲಿ ಶಿಕ್ಷಣ, ಆರೋಗ್ಯ, ವಸತಿ, ರೈತ, ಯುವಕರು ಮತ್ತು ಮಹಿಳೆಯರು ಎಂದು ಐದು ಭರವಸೆಗಳಿದ್ದವು. ಚುನಾವಣೆಯಲ್ಲಿ ಕಾಂಗ್ರೆಸ್‌ನ ಐದು ಗ್ಯಾರಂಟಿಗಳ ಮುಂದೆ ಅವು ಓಡಲಿಲ್ಲ. ತಿಂಗಳಿಗೆ ಕೈಗೆ ಬರುವ 2,000 ರೂಪಾಯಿಯ ಮುಂದೆ, ಮುಂದೆಂದೋ ಕಟ್ಟುವ ಆಸ್ಪತ್ರೆ ಯಾವ ಲೆಕ್ಕ.

ಆದರೆ ರೈತನ ಪಕ್ಷ ಎಂಬ ಮಾತಿಗೂ ಒಂದು ಬಿರುಕಿದೆ. 2020ರ ಡಿಸೆಂಬರ್‌ನಲ್ಲಿ ಬಿಜೆಪಿ ಸರ್ಕಾರ ಭೂಸುಧಾರಣಾ ತಿದ್ದುಪಡಿ ಮಸೂದೆ ತಂದಿತು. ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿ ಬಿಟ್ಟುಕೊಡುವ ಮಸೂದೆ. ವಿಧಾನ ಪರಿಷತ್ತಿನಲ್ಲಿ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಹೊರಗೆ ರೈತ ಸಂಘಟನೆಗಳು ಬೀದಿಯಲ್ಲಿದ್ದಾಗ ಒಳಗೆ ಜೆಡಿಎಸ್ ಮಸೂದೆಯ ಪರ ಮತ ಹಾಕಿತು, ಅಂಗೀಕಾರವಾಯಿತು. ಆಗ ಎರಡೂ ಪಕ್ಷಗಳ ನಡುವೆ ಮೈತ್ರಿಯೇ ಇರಲಿಲ್ಲ ಎಂಬುದನ್ನು ಗಮನಿಸಿ. ಅದೇ ಜೆಡಿಎಸ್ ಮರುವರ್ಷ ಮತಾಂತರ ನಿಷೇಧ ಮಸೂದೆಯನ್ನು ವಿರೋಧಿಸಿತು. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆ ಸಂಸತ್ತಿಗೆ ಬಂದಾಗ ಬೆಂಬಲಿಸಿತು. ರಾಜ್ಯಸಭೆಯಲ್ಲಿ ದೇವೇಗೌಡರೇ ಎದ್ದು ಪರವಾಗಿ ಮಾತಾಡಿದರು. ಹೆಸರಿನಲ್ಲಿ ಯಾವ ಅಕ್ಷರವೂ ಬದಲಾಗಿಲ್ಲ. ನಿಲುವು ಬದಲಾಗಿದೆ. ಪ್ರಶ್ನೆ ಕೇಳುವುದಿದ್ದರೆ ಇದರ ಬಗ್ಗೆ ಕೇಳಿ, ಅದಕ್ಕೆ ಪಕ್ಷ ಉತ್ತರ ಕೊಡಬೇಕಾಗುತ್ತದೆ.

ಇದಕ್ಕಿಂತ ಹರಿತವಾದ ಪರೀಕ್ಷೆ 2ಬಿ ಮೀಸಲಾತಿ. ಮುಸ್ಲಿಮರಿಗೆ ಪ್ರತ್ಯೇಕವಾಗಿ ಶೇ 4ರ 2ಬಿ ಜಾರಿಯಾದದ್ದು 1995ರಲ್ಲಿ, ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ. 2023ರ ಮಾರ್ಚ್‌ನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಅದನ್ನು ತೆಗೆದು ಎರಡು ಭಾಗ ಮಾಡಿ ಹಂಚಲು ತೀರ್ಮಾನಿಸಿತು: ಒಕ್ಕಲಿಗರಿಗೆ ಶೇ 4ರಿಂದ 6, ಲಿಂಗಾಯತರಿಗೆ ಶೇ 5ರಿಂದ 7. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ, ಸದ್ಯಕ್ಕೆ ಜಾರಿ ಮಾಡುವುದಿಲ್ಲ ಎಂದು ಸರ್ಕಾರವೇ ಹೇಳಿ ಹಳೆಯದೇ ಮುಂದುವರಿಯಿತು. ದೇವೇಗೌಡರು ಕೊಟ್ಟದ್ದನ್ನು ಕಿತ್ತು, ದೇವೇಗೌಡರ ಮತದಾರರಿಗೇ ಅರ್ಧ ಕೊಡುವ ಲೆಕ್ಕ ಅದು. ಆರು ತಿಂಗಳಲ್ಲಿ ಎರಡೂ ಪಕ್ಷ ಒಂದಾದವು. ಜಾತಿಯ ಪ್ರಶ್ನೆ ಕೇಳುವ ಜಾಗ ಇದು, ಹೆಸರಿನ ಆವರಣ ಅಲ್ಲ.

ಇನ್ನು ನಕ್ಷೆ. ಹಾಸನ, ಮಂಡ್ಯ, ತುಮಕೂರು, ಕೋಲಾರ, ಮೈಸೂರು, ಹಿಂದಿನ ರಾಮನಗರ. ಹಳೇ ಮೈಸೂರು ದಾಟಿದರೆ ಅಲ್ಲೊಂದು ಇಲ್ಲೊಂದು. 2004ರಲ್ಲಿ 58 ಸ್ಥಾನ ಗೆದ್ದ ಪಕ್ಷ 2008ರಲ್ಲಿ 28, 2013ರಲ್ಲಿ 40, 2018ರಲ್ಲಿ 37, 2023ರಲ್ಲಿ 19ಕ್ಕೆ ಬಂತು. 2004ರ 58ರ ಹಿಂದೆ ಸಿದ್ದರಾಮಯ್ಯ ಇದ್ದರು ಎಂಬುದನ್ನು ಜನ ಮರೆತಿದ್ದಾರೆ. 2005ರಲ್ಲಿ ಅವರನ್ನು ಹೊರಹಾಕಿದಾಗ ಹೋದದ್ದು ಒಬ್ಬ ಉಪಮುಖ್ಯಮಂತ್ರಿ ಮಾತ್ರವಲ್ಲ, ಹಿಂದುಳಿದ ವರ್ಗಗಳ ಮತದ ದೊಡ್ಡದೊಂದು ಪಾಲು. ಆಮೇಲೆ ಉಳಿದದ್ದು ಒಕ್ಕಲಿಗರು ಮತ್ತು ಮುಸ್ಲಿಮರು. 2023ರಲ್ಲಿ ಮುಸ್ಲಿಂ ಮತ ಬಹುಪಾಲು ಕಾಂಗ್ರೆಸ್‌ಗೆ ಸರಿಯಿತು. ಒಟ್ಟು ಮತ ಶೇ 18ರ ಆಸುಪಾಸಿನಿಂದ 13ಕ್ಕೆ ಇಳಿಯಿತು. ಸೆಪ್ಟೆಂಬರ್‌ನ ಮೈತ್ರಿಯ ಗಣಿತ ಇಷ್ಟೇ: ಹೋದ ಮತ ವಾಪಸು ಬರುವುದಿಲ್ಲ, ಉಳಿದದ್ದಕ್ಕೆ ಜೋಡಿ ಬೇಕು. 2024ರ ಲೋಕಸಭೆಯಲ್ಲಿ ಮೂರು ಕಡೆ ನಿಂತು ಮಂಡ್ಯ, ಕೋಲಾರ ಗೆದ್ದು, ಹಾಸನವನ್ನೇ ಕಳೆದುಕೊಂಡಿತು. ಕುಮಾರಸ್ವಾಮಿ ಕೇಂದ್ರದಲ್ಲಿ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರಾದರು. ಅವರು ಬಿಟ್ಟುಕೊಟ್ಟ ಚನ್ನಪಟ್ಟಣವನ್ನು ಅದೇ ವರ್ಷದ ಉಪಚುನಾವಣೆಯಲ್ಲಿ ಮಗ ಉಳಿಸಿಕೊಳ್ಳಲಾಗಲಿಲ್ಲ.

ಆದ್ದರಿಂದ ಮೂರನೇ ಪ್ರಶ್ನೆಗೆ ಉತ್ತರ: ಜೆಡಿಎಸ್ ಇವತ್ತು ಹಳೇ ಮೈಸೂರಿನ ನೀರು, ಸಾಲ, ಬೆಳೆಯ ಪ್ರಾದೇಶಿಕ ಪಕ್ಷ, ಒಂದು ಕುಟುಂಬದ ಮುಂದಾಳತ್ವದ್ದು. ಆ ವಿಷಯಗಳಲ್ಲೂ ಸಮಯ ಬಂದರೆ ಜಮೀನಿನ ಮಸೂದೆಯಲ್ಲಾದಂತೆ ಬಾಗುತ್ತದೆ. ಧರ್ಮದ ವಿಷಯಗಳಲ್ಲಿ ಯಾರ ಜೊತೆಗಿದೆಯೋ ಅವರ ಕಡೆ ಹೆಚ್ಚು ಬಾಗುತ್ತದೆ. ಇದನ್ನು ಸಮಯಸಾಧಕತನ ಎನ್ನುವವರಿದ್ದಾರೆ, ಸಣ್ಣ ಪಕ್ಷ ಬದುಕುವ ದಾರಿ ಎನ್ನುವವರೂ ಇದ್ದಾರೆ. ಯಾವುದೇ ಅನ್ನಿ, ಸದನದ ಕಡತ ಇಟ್ಟುಕೊಂಡು ಅನ್ನಿ.

ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಒಂದಿದೆ: ಕೇರಳದ ಜೆಡಿಎಸ್ ಏನಾಯಿತು? 2021ರಲ್ಲಿ ಅಲ್ಲಿ ಈ ಪಕ್ಷದಿಂದ ಇಬ್ಬರು ಗೆದ್ದು ಎಡರಂಗದಲ್ಲಿದ್ದರು. ಒಬ್ಬರು, ಕೆ. ಕೃಷ್ಣನ್‌ಕುಟ್ಟಿ, ಪಿಣರಾಯಿ ವಿಜಯನ್ ಸಂಪುಟದಲ್ಲಿ ವಿದ್ಯುತ್ ಸಚಿವರಾಗಿದ್ದರು. ಬೆಂಗಳೂರಿನಲ್ಲಿ ಪಕ್ಷ ಬಿಜೆಪಿ ಜೊತೆ ಹೋದಾಗ ಕೇರಳ ಘಟಕ ‘ನಾವು ಎಡರಂಗದಲ್ಲೇ’ ಎಂದಿತು. ಆಗಲೂ ಕಾಗದದ ಮೇಲೆ ರಾಷ್ಟ್ರೀಯ ಅಧ್ಯಕ್ಷರು ದೇವೇಗೌಡರೇ. ಅಂದರೆ ಒಂದೇ ಪಕ್ಷ ದೆಹಲಿಯಲ್ಲಿ ಎನ್‌ಡಿಎ, ತಿರುವನಂತಪುರದಲ್ಲಿ ಕಮ್ಯುನಿಸ್ಟ್ ಸರ್ಕಾರದ ಪಾಲುದಾರ ಆಗಿತ್ತು. ಆ ಇಬ್ಬರೂ ಪಕ್ಷ ಬಿಟ್ಟು ಹೊಸದೊಂದು ಕಟ್ಟಬಹುದಿತ್ತಲ್ಲ ಎಂದರೆ, ಅದು ಸುಲಭವಲ್ಲ. ಟಿಕೆಟ್ ಕೊಟ್ಟ ಪಕ್ಷವನ್ನು ಸ್ವಇಚ್ಛೆಯಿಂದ ತೊರೆದ ಶಾಸಕರು ಸಂವಿಧಾನದ ಹತ್ತನೇ ಅನುಸೂಚಿಯಡಿ ಅನರ್ಹರಾಗಬಹುದು. ಮೂರನೇ ಒಂದರಷ್ಟು ಶಾಸಕರು ಒಡೆದರೆ ಅದನ್ನು ‘ವಿಭಜನೆ’ ಎಂದು ಒಪ್ಪುತ್ತಿದ್ದ ಹಳೆಯ ವಿನಾಯಿತಿ 1999ರಲ್ಲಿ ಇತ್ತು. 2003ರ 91ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಉಳಿದಿರುವುದು ಮೂರನೇ ಎರಡರಷ್ಟು ಶಾಸಕರ ಒಪ್ಪಿಗೆಯಿರುವ ವಿಲೀನದ ದಾರಿ ಮಾತ್ರ.

ಇನ್ನೊಂದು ದಾರಿ, ‘ನಾವೇ ನಿಜವಾದ ಜೆಡಿಎಸ್’ ಎಂದು ಹಕ್ಕು ಸಾಧಿಸುವುದು. ರಾಜ್ಯಾಧ್ಯಕ್ಷ ಸ್ಥಾನದಿಂದ ತೆಗೆಯಲ್ಪಟ್ಟ ಸಿ.ಎಂ. ಇಬ್ರಾಹಿಂ ಮತ್ತು ಕೇರಳದ ಸಿ.ಕೆ. ನಾಣು ಅದಕ್ಕೇ ಹೊರಟರು. ಇಬ್ಬರೂ ಉಚ್ಚಾಟನೆಗೊಂಡರು. ಆ ವಾದವನ್ನು 1968ರ ಚಿಹ್ನೆಗಳ ಆದೇಶದ 15ನೇ ಪ್ಯಾರಾದಡಿ ಆಯೋಗದ ಮುಂದೆ ಗೆಲ್ಲಬೇಕು. ಅಲ್ಲಿ ಹೆಚ್ಚಾಗಿ ಎಣಿಸುವುದು ಸಂಘಟನೆಯಲ್ಲಿ ಮತ್ತು ಸದನಗಳಲ್ಲಿ ಯಾರ ಕಡೆ ಎಷ್ಟು ಜನ ಎಂದು. ಆಗ ಶಾಸಕರ ಪೈಕಿ 19 ಜನ ಕರ್ನಾಟಕದಲ್ಲಿದ್ದರು, ಇಬ್ಬರು ಕೇರಳದಲ್ಲಿ. ಪಕ್ಷದ ಚಿಹ್ನೆಯಾದ ತೆನೆ ಹೊತ್ತ ಮಹಿಳೆ ಯಾರ ಮನೆಯಲ್ಲಿ ಉಳಿದಳು ಎಂದು ಬೇರೆ ಹೇಳಬೇಕಿಲ್ಲ.