ದೇವರನ್ನು ತರ್ಕದಿಂದ ಸಾಧಿಸಬೇಡಿ ಎಂದ ಭಕ್ತರು

ದೇವರಿದ್ದಾನೆ ಎಂದು ಬರೀ ತರ್ಕದಿಂದ ಸಾಧಿಸುವ ಕೆಲಸವನ್ನು ಭಾರತದಲ್ಲಿ ಹಟ ಹಿಡಿದು ಮಾಡಿದವರು ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು. ಅವರ ಮುಖ್ಯ ವಾದ ಇಷ್ಟೇ: ನೆಲ, ಬೆಟ್ಟ, ಗಿಡ ಎಲ್ಲಕ್ಕೂ ಒಬ್ಬ ಕರ್ತ ಇದ್ದಾನೆ. ಯಾಕೆಂದರೆ ಅವೆಲ್ಲ ಮಡಕೆಯ ಹಾಗೆ ಉಂಟಾದವು.

ಕೇಳಿದರೆ ಹೌದಲ್ವಾ ಅನ್ನಿಸುತ್ತದೆ. ಬೌದ್ಧರ ಧರ್ಮಕೀರ್ತಿಗೆ ಹಾಗನ್ನಿಸಲಿಲ್ಲ. ಅವನು ಹುತ್ತ ತೋರಿಸಿದ. ಹುತ್ತವೂ ಮಣ್ಣಿನದೇ, ಅದಕ್ಕೂ ಆಕಾರವಿದೆ. ಹಾಗಂತ ಅದನ್ನೂ ಕುಂಬಾರ ಮಾಡಿದ ಅಂತೀರಾ? ಕುಂಬಾರ ಮಡಕೆ ಮಾಡುವುದನ್ನು ಕಂಡಿದ್ದೇವೆ. ಬೆಟ್ಟ ಮಾಡುವವನನ್ನು ಕಂಡವರು ಯಾರು?

ಹೆಚ್ಚುಕಡಿಮೆ ಅದೇ ಕಾಲದ, ಅಂದರೆ 7ನೇ ಶತಮಾನದ ಸುಮಾರಿನ ಕುಮಾರಿಲ ಭಟ್ಟ ಬೌದ್ಧರ ಕಡು ವಿರೋಧಿ. ವೇದವೇ ಎಲ್ಲ ಎನ್ನುವ ಮೀಮಾಂಸಕ. ಈ ವಿಷಯದಲ್ಲಿ ಮಾತ್ರ ಅವನೂ ಬೌದ್ಧರ ಸಾಲಿನಲ್ಲೇ ನಿಂತ. ಸೃಷ್ಟಿಕರ್ತನಿಗೆ ಶರೀರ ಇದ್ದರೆ ಅದನ್ನು ಮಾಡಿದ್ದು ಯಾರು? ಇಲ್ಲದಿದ್ದರೆ ಕೆಲಸ ಮಾಡಿದ್ದು ಹೇಗೆ? ಕರುಣೆಯಿಂದ ಸೃಷ್ಟಿಸಿದ್ದಾದರೆ ಇಷ್ಟೊಂದು ದುಃಖ ಯಾಕೆ?

ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಲು ಮಿಥಿಲೆಯ ನೈಯಾಯಿಕ ಉದಯನ ಸುಮಾರು ಸಾವಿರ ವರ್ಷಗಳ ಹಿಂದೆ ‘ನ್ಯಾಯಕುಸುಮಾಂಜಲಿ’ ಬರೆದ. ಅವನ ಮೇಲೊಂದು ದಂತಕಥೆಯಿದೆ. ಪುರಿಗೆ ಹೋದಾಗ ಗುಡಿಯ ಬಾಗಿಲು ಮುಚ್ಚಿತ್ತಂತೆ. ಜಾಸ್ತಿ ಮೆರೆಯಬೇಡ, ಬೌದ್ಧರು ಬಂದರೆ ನಿನ್ನ ಇರವು ನನ್ನ ಕೈಯಲ್ಲೇ ಇರೋದು ಎಂದು ಜಗನ್ನಾಥನನ್ನೇ ಗದರಿಸಿದನಂತೆ.

ಇನ್ನು ಭಕ್ತರೆಲ್ಲ ಉದಯನನ ಬೆನ್ನಿಗೆ ನಿಂತಿರಬೇಕು ಅಂದುಕೊಳ್ಳುತ್ತೇವೆ. ನಡೆದದ್ದು ಬೇರೆ. ಮೇಲುಕೋಟೆಯಲ್ಲಿ ಕೆಲಕಾಲ ನೆಲೆಸಿದ್ದ ರಾಮಾನುಜರು ಬ್ರಹ್ಮಸೂತ್ರಗಳಿಗೆ ಬರೆದ ಶ್ರೀಭಾಷ್ಯದಲ್ಲಿ ಈ ವಾದವನ್ನು ಎಳೆ ಎಳೆಯಾಗಿ ಬಿಡಿಸಿ ತಳ್ಳಿಹಾಕಿದರು. ಜಗತ್ತಿನ ವಸ್ತುಗಳೆಲ್ಲ ಒಂದೇ ಹೊತ್ತಿಗೆ, ಒಬ್ಬನಿಂದಲೇ ಆದವು ಅನ್ನಲು ಏನು ಆಧಾರ? ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಹುದಲ್ಲ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಕೂಡ ಇಂಥದ್ದೇ ಪ್ರಶ್ನೆ ಎತ್ತಿದ. ಅದು ಅಚ್ಚಾಗಿದ್ದು 1779ರಲ್ಲಿ, ಅವನು ಸತ್ತ ಮೇಲೆ. ಆದರೆ ಹ್ಯೂಮ್ ಸಂಶಯವಾದಿ, ರಾಮಾನುಜರು ಪರಮ ಭಕ್ತರು. ದೇವರನ್ನು ತಿಳಿಯಲು ಶಾಸ್ತ್ರವೊಂದೇ ದಾರಿ ಎಂಬುದು ಅವರ ನಿಲುವು. 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರೂ ಹರಿಯನ್ನು ಸದಾಗಮಗಳಿಂದ, ಅಂದರೆ ವೇದ ಮೊದಲಾದ ಶಾಸ್ತ್ರಗಳಿಂದ ಮಾತ್ರ ತಿಳಿಯಬಹುದು ಎಂದರು. ನನಗೆ ಇದರಲ್ಲಿ ಒಂದು ಜಾಣತನ ಕಾಣುತ್ತದೆ. ತರ್ಕದ ಮೇಲೆ ದೇವರನ್ನು ನಿಲ್ಲಿಸಿದರೆ, ನಾಳೆ ಇನ್ನೊಬ್ಬ ತಾರ್ಕಿಕ ಬಂದು ಬೀಳಿಸಬಹುದು.

ನೈಯಾಯಿಕರು ಸುಮ್ನೆ ಕೂರಲಿಲ್ಲ. 14ನೇ ಶತಮಾನದಲ್ಲಿ ಮಿಥಿಲೆಯವನೇ ಆದ ಗಂಗೇಶ ವಾದವನ್ನು ಮತ್ತೆ ಕೈಗೆತ್ತಿಕೊಂಡ. ಆ ಹೊತ್ತಿಗೆ ಎದುರುವಾದಿ ಬೌದ್ಧರು ಅಲ್ಲಿ ಹೆಚ್ಚುಕಡಿಮೆ ಇರಲಿಲ್ಲ. ಜಗಳ ಮಾತ್ರ ಹಳೆಯದೇ: ಕರ್ತ ಬೇಕಾಗುವುದು ಉಂಟಾದ ಎಲ್ಲಕ್ಕೂ ಹೌದೋ, ಇಲ್ಲ ಶರೀರ ಇರುವವನಿಂದ ಉಂಟಾದವಕ್ಕೆ ಮಾತ್ರವೋ?